ಮೂರಡಿ ಎತ್ತರದ ಕೋಣೆ

ಆಗಸ್ಟ್ ಮುಗಿಯುತ್ತ ಬಂತು, ಸೊಹಾರಿನಲ್ಲಿ.
ಹೊರಗೆ ನಲವತ್ತಾರು ಡಿಗ್ರಿ. ನನಗೂ ನಲವತ್ತಾರೇ.
ಶಾಲೆ ತೆರೆಯಲು ಒಂಬತ್ತು ದಿನ ಇರುವಾಗ
ಕೆ.ಜಿ. ಒಂದು, 'ಬಿ' ವಿಭಾಗದ ಬಾಗಿಲು ತೆಗೆದು
ಒಳಗೆ ಹೋಗಿ ಮಂಡಿಯೂರಿದೆ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತ
ಗದಗಿನ ನಮ್ಮ ಮಾಸ್ತರು ಬೆತ್ತ ಆಡಿಸುತ್ತ ಕೇಳುತ್ತಿದ್ದರು.
ಬಗ್ಗಿತು, ಸರ್.
ಲಟಕ್ ಅಂತು, ಆದರೂ ಬಗ್ಗಿತು.

ಕೆಳಗಿನಿಂದ ಕಂಡದ್ದು ಬೇರೆಯೇ ಕೋಣೆ.
ಮೇಜಿನ ಹೊಟ್ಟೆಗೆ ಮೆತ್ತಿದ ಚೂಯಿಂಗ್ ಗಮ್ಮು,
ಯಾವ ಕಾಲದ್ದೋ ಒಣಗಿದ ಸಿಂಬಳ,
ಆಕಾಶದಲ್ಲೆಲ್ಲೋ ಬಾಗಿಲ ಹಿಡಿ.
ರಾತ್ರಿಗಟ್ಟಲೆ ಕೂತು ನಾನೇ ಕತ್ತರಿಸಿ ಅಂಟಿಸಿದ
ಆ್ಯಪಲ್‌ನಿಂದ ಝೀಬ್ರಾವರೆಗಿನ ಮೆರವಣಿಗೆ
ತಪಾಸಣೆಗೆ ಬರುವವರ ಕಣ್ಣಿಗೆ ನೇರವಾಗಿತ್ತು,
ನನಗೆ ಕಂಡದ್ದು ಝೀಬ್ರಾದ ಗೊರಸು.

ಹನ್ನೊಂದು ವರ್ಷ ಇಲ್ಲಿ ಕಲಿಸಿದೆ ಅಂದುಕೊಂಡಿದ್ದೆ.
ಅವರು ನೋಡುತ್ತಿದ್ದದ್ದು
ನನ್ನ ಚೂಡಿದಾರದ ಅಂಚನ್ನೇ ಇರಬೇಕು.

ಇಪ್ಪತ್ತಾರೂ ಅಕ್ಷರ ಕಿತ್ತೆ. ಸುಣ್ಣವೂ ಜೊತೆಗೆ ಬಂತು.
ಬಿಸಿಲಿಗೆ ಹೆದರಿ ಕಿಟಕಿಗೆ ಬಳಿದಂತೆ ಅಂಟಿಸಿದ ಕಪ್ಪು ಹಾಳೆಯನ್ನು
ಕೆಳಗಿನ ಒಂದು ಗೇಣು ಮಾತ್ರ ಬ್ಲೇಡಿನಿಂದ ಬಿಡಿಸಿದೆ.
ನೆಲದ ಮೇಲೆ ರೊಟ್ಟಿಯಗಲ ಬೆಳಕು ಬಿತ್ತು,
ನೋಡನೋಡುತ್ತ ಸರಿಯಿತು.
ಎ.ಸಿ. ಹನಿಯುವ ಬಕೆಟ್ಟನ್ನು ಆಯಾ ಇಂದ್ರಾಣಿ
ಎಂದಿನಂತೆ ಮರೆಗೆ ಎಳೆಯಹೋದಳು.
ಇರಲಿ ಬಿಡು, ಅಂದೆ. ಲೋಟ, ಸೋರುಬಟ್ಟಲು ಪಕ್ಕದಲ್ಲಿಡು.
ಈ ಮರಳಲ್ಲಿ ಮಕ್ಕಳಿಗೆ ಹೊಳೆ ಎಲ್ಲಿಂದ ತರಲಿ?

ಬಡಗಿ ಗುಲ್ ಝರೀನ್, ಸ್ವಾತ್ ಕಡೆಯವರು,
ಕಪಾಟಿನ ಕಾಲು ಕೊಯ್ಯುವ ಮುಂಚೆ ಮೂರು ಸಲ ಕೇಳಿದರು:
ಒಳ್ಳೆ ತೇಗ ಮೇಡಂ, ನಿಜವಾಗಿಯೂ?
ಚೀಲದ ಗೂಟ ಎಷ್ಟೆತ್ತರಕ್ಕೆ ಹೊಡೆಯಲಿ ಅಂದಾಗ
ನಾನು ಟೇಪು ಹುಡುಕುತ್ತಿದ್ದೆ.
ಅವರು ಕಣ್ಣುಮುಚ್ಚಿ ಅಂಗೈಯನ್ನು ತೊಡೆಯ ಪಕ್ಕ ಹಿಡಿದರು,
ಊರಲ್ಲಿ ಬಿಟ್ಟು ಬಂದ ಮಗಳ ನೆತ್ತಿಯಷ್ಟಕ್ಕೆ.
ಯೋಚಿಸಿದರು. ಎರಡು ವರ್ಷ ಆಯಿತಲ್ಲ.
ಕೈಯನ್ನು ಅಂದಾಜಿಗೆ ನಾಲ್ಕು ಬೆರಳು ಮೇಲೆತ್ತಿ
ಅಲ್ಲಿ ಪೆನ್ಸಿಲ್ ಗುರುತು ಹಾಕಿದರು.

ಪ್ರಿನ್ಸಿಪಾಲ್ ಮಿಸೆಸ್ ತೆರತ್ತಿಲ್ ಬಂದು
ಕನ್ನಡಕ ಏರಿಸಿದರು, ಇಳಿಸಿದರು:
ಗೋಡೆ ಬೋಳಾಗಿದೆಯಲ್ಲ?
ಮಕ್ಕಳು ಬರಲಿ ಮೇಡಂ, ಅಂದೆ. ಎದೆ ಡವಡವ.

ಬಂದರು ಹದಿನೆಂಟು ಜನ.
ಫ್ರಿಜ್ಜಿನ ರಟ್ಟಿನ ಪೆಟ್ಟಿಗೆಯೊಳಗೆ
ನಾನು ಜೋಡಿಸಿಟ್ಟ ಪುಸ್ತಕದ ಮನೆಯನ್ನು
ಬೆಕ್ಕಿನ ಆಸ್ಪತ್ರೆ ಮಾಡಿದರು.
ಬಿಸಿಲಿನ ತುಂಡಿಗೆ ಸುತ್ತ ಚಾಕ್ ಗೆರೆ ಎಳೆದು
ಅದು ಓಡಿಹೋದಾಗ ಕದ್ದವರು ಯಾರೆಂದು ಜಗಳವಾಡಿದರು.
ಮೂರನೆಯ ವಾರ, ಮಂಗಳವಾರವಿರಬೇಕು,
ಅಷ್ಟೂ ಪುಟ್ಟ ಕುರ್ಚಿಗಳನ್ನು ದರದರ ಎಳೆದು
ಎರಡೆರಡಾಗಿ ಸಾಲು ನಿಲ್ಲಿಸಿದರು, ಕೋಣೆಯ ನಟ್ಟನಡುವೆ.
ಬಸ್ಸು.

ನನ್ನ ನಕ್ಷೆಯಲ್ಲಿ ಬಸ್ಸು ಇರಲಿಲ್ಲ.
ಮಸೀದಿಯ ಮೊದಲ ಕೂಗಿಗೆ ಎದ್ದು, ತೂಕಡಿಸುತ್ತ
ಹೆದ್ದಾರಿಯಲ್ಲಿ ಒಂದು ತಾಸು ಬರುವವರು ಇವರು,
ಅದು ನನಗೆ ಗೊತ್ತಿತ್ತು. ಕೋಣೆಗೆ ಗೊತ್ತಿರಲಿಲ್ಲ.

ನನಗೆ ಕೊನೆಯ ಸೀಟು ಕೊಟ್ಟರು.
ಮಂಡಿ ಗದ್ದಕ್ಕೆ ತಾಗುತ್ತಿತ್ತು. ಬೆಲ್ಟು ಹಾಕು ಅಂದರು, ಹಾಕಿಕೊಂಡೆ.
ಒಂಟೆ ಅಡ್ಡ ಬಂತು. ಪೆಟ್ರೋಲು ಹಾಕಿಸಿತು ಬಸ್ಸು.
ಆಮೇಲೆ ನಿಂತಿತು, ಎಲ್ಲರೂ ದಬದಬ ಇಳಿದರು.

ಇಳಿಯದೆ ಉಳಿದವಳು ನುಹಾ, ಭಟ್ಕಳದವರ ಮಗಳು,
ಬಂದಾಗಿನಿಂದ ಯಾವ ಭಾಷೆಯಲ್ಲೂ ತುಟಿ ಬಿಚ್ಚದವಳು.
ದಿನಾ ಬಸ್ಸಿನ ಆಂಟಿ ಮಾಡುವ ಹಾಗೆ
ಮುಂದಿನಿಂದ ಶುರುಮಾಡಿ
ಒಂದೊಂದು ಕುರ್ಚಿಯ ಬೆನ್ನು ತಟ್ಟಿ, ಬಗ್ಗಿ ಕೆಳಗೆ ಇಣುಕಿ,
ಯಾರಾದರೂ ನಿದ್ದೆಹೋಗಿ ಉಳಿದಿದ್ದಾರಾ ಎಂದು
ನೋಡುತ್ತ ನೋಡುತ್ತ ಹಿಂದೆ ಬಂದಳು.

ನಾನಿನ್ನೂ ಕೂತೇ ಇದ್ದೆ.
ಭುಜ ಅಲುಗಿಸಿದಳು.
ಆಂಟಿಯ ಹಿಂದಿಯಲ್ಲಿ, ಆಂಟಿಯದೇ ಗಡಸು ದನಿಯಲ್ಲಿ
ಅಂದಳು: ಏಳು. ಸ್ಕೂಲು ಬಂತು.