ಹನ್ನೊಂದನೇ ಮಂಚ

ಮಂಡ್ಯದ ದೊಡ್ಡಾಸ್ಪತ್ರೆ, ಚರ್ಮದ ವಾರ್ಡು.
ಬಟ್ಟೆ ತಾಗಿದರೆ ಸಿಪ್ಪೆ ಏಳುತ್ತದೆಂದು
ಬಾಳೆಲೆ ಹಾಸಿದ್ದೇವೆ, ಎಣ್ಣೆ ಸವರಿ.
"ಊಟಕ್ಕಿಕ್ದಂಗೆ ಇಕ್ಬುಟ್ರಲ್ಲವ್ವ ನನ್ನ"
ನಗುತ್ತಾಳೆ ಹೊಂಬಾಳಮ್ಮ.
ನಕ್ಕರೆ ತುಟಿಯ ಅಂಚು ಬಿಡುತ್ತದೆ.

ಮೂವತ್ತು ವರ್ಷ ಆಲೆಮನೆಯ ಒಲೆಗೆ
ಕಬ್ಬಿನ ರಚ್ಚು ತಳ್ಳಿದ ಕೈ,
ಬೆಂಕಿಗೆ ಒಂದು ಬೊಬ್ಬೆಯೂ ಏಳದ್ದು.
ಈಗ ನನ್ನ ಹೆಬ್ಬೆರಳು ಮೆಲ್ಲಗೆ ಒತ್ತಿದರೆ
ಹಾಲಿನ ಕೆನೆಯಂತೆ ಸರಿಯುತ್ತದೆ.

"ಸುಟ್ಟಿಲ್ಲ, ಕುಯ್ದಿಲ್ಲ. ಯಾಕವ್ವ ಬುಟ್ಕತ್ತದೆ?"
ರೌಂಡ್ಸಿನಲ್ಲಿ ಡಾಕ್ಟರು ಹೇಳಿದ್ದು ಇಂಗ್ಲಿಷಿನಲ್ಲಿತ್ತು.
ಹತ್ತಿ ಅದ್ದುತ್ತ ನನಗೆ ತಿಳಿದಷ್ಟು ಹೇಳಿದೆ:

ಚರ್ಮ ಒಂದೇ ಬಟ್ಟೆಯಲ್ಲ ಅಮ್ಮ,
ಕಣ್ಣಿಗೆ ಕಾಣದ ಜೀವಕೋಶಗಳು, ಒತ್ತೊತ್ತಾಗಿ.
ಒಂದೊಂದರ ಗೋಡೆಯಿಂದಲೂ ಪ್ರೊಟೀನಿನ ಸಣ್ಣ ಕೈಗಳು
ಆಚೆ ಚಾಚಿರುತ್ತವೆ. ಒಂದು ಕೈ ಇನ್ನೊಂದನ್ನು ಹಿಡಿದರೆ
ರೆಪ್ಪೆ ಬಡಿಯುವಷ್ಟರಲ್ಲಿ ಜಾರುತ್ತದೆ,
ಅಷ್ಟು ಬಡ ಹಿಡಿತ.
ಗೋಡೆಯ ಮೇಲೆ ತೇಲುತ್ತ ಪಕ್ಕಕ್ಕೊಂದು ಬರುತ್ತದೆ,
ಮತ್ತೊಂದು, ಆಮೇಲೆ ಹಿಂಡು.
ಹಿಂಡಾದ ಮೇಲೆ ಒಂದು ಬಿಟ್ಟರೂ
ಬಿಟ್ಟದ್ದು ದೂರ ಹೋಗಲಾರದು,
ಅದು ಮರಳಿ ಹಿಡಿಯುವ ತನಕ ಮಿಕ್ಕವು ಹಿಡಿದಿರುತ್ತವೆ.
ಕೈ ನೆಟ್ಟಗೆ ನಿಲ್ಲಲು ಒಂದಿಷ್ಟು ಸುಣ್ಣದಂಶವೂ ಬೇಕು.

"ಸುಣ್ಣವಾ?" ಕಣ್ಣು ತೆರೆದಳು.
"ಕೊಪ್ಪರಿಗೆಗೂ ಬೇಕು ಕನವ್ವ.
ನಮ್ಮ ಬೋರಲಿಂಗ ಚಿಟಿಕೆ ನೋಡ್ಕಂಡು ಹಾಕೋನು.
ಇಲ್ದಿದ್ರೆ ಬೆಲ್ಲ ಅಚ್ಚಲ್ಲಿ ನಿಲ್ಲಾಕಿಲ್ಲ,
ಬುಟ್ಟೀಲಿ ಕುಂತು ಅಳ್ತದೆ.
ಅಂಗಾರೆ ನಂಗೆ ಸುಣ್ಣ ಕಮ್ಮಿಯಾ?"

ಅಲ್ಲ.
ಇದನ್ನು ಹೇಳುವುದು ಕಷ್ಟ.
ಕಾಯಲೆಂದು ರಕ್ತದಲ್ಲಿ ಇಟ್ಟ ಕಾವಲಿನವರೇ
ಆ ಕೈಗಳನ್ನು ಕಳ್ಳರ ಕೈ ಎಂದುಕೊಂಡಿದ್ದಾರೆ.
ಹೋಗಿ ಹೋಗಿ ಬೆರಳ ಸಂದಿಗೆ ಕೂರುತ್ತಾರೆ.
ಹಿಂಡು ಚದುರುತ್ತದೆ, ನಡುವೆ ನೀರು ತುಂಬುತ್ತದೆ.

ಬಹಳ ಹೊತ್ತು ಮಾತಿಲ್ಲ.
ಹೊರಗೆ ಕಬ್ಬಿನ ಲಾರಿಯೊಂದು ಗೇರು ಬದಲಿಸಿತು.
"ಅವ್ರಿಗೇನು ಗೊತ್ತು, ಪಾಪ," ಎಂದಳು,
ಕಾವಲಿನವರ ಪರವಾಗಿ.

ಮೂರನೇ ವಾರ ಮಾತ್ರೆ ನಾಟಿತು. ಮುಖ ಊದಿತು.
ಎಲೆ ಬದಲಿಸಲು ಎತ್ತಬೇಕು, ಎಲ್ಲೂ ಉಜ್ಜದೆ:
ನಾನು, ಆಯಾ ಮರಿಸಿದ್ದಮ್ಮ, ಕಲಿಯಲು ಬಂದ ಇಬ್ಬರು ಹುಡುಗಿಯರು,
ಎದುರು ಮಂಚದವಳ ಗಂಡ.
ಒಬ್ಬ ಹುಡುಗಿಯ ಕೈ ಜಾರಿತು.
ಹೊಂಬಾಳಮ್ಮನಿಗೆ ಗೊತ್ತೇ ಆಗಲಿಲ್ಲ.

ಹಳೆಯ ಎಲೆಗೆ ಈ ಸಲ ಏನೂ ಅಂಟಿರಲಿಲ್ಲ.
ಮರಿಸಿದ್ದಮ್ಮ ಅದನ್ನು ಮಡಿಸಿದಳು,
ಹಬ್ಬದಲ್ಲಿ ಉಂಡೆದ್ದವರಂತೆ
ತನ್ನ ಕಡೆಗೆ.