ಬೊಳ್ಳೆಯ ಒತ್ತಕ್ಷರ

ಸಿದ್ದಾಪುರದ ತೂಕದ ಶೆಡ್ಡಿನಲ್ಲಿ
ರಾತ್ರಿ ಹನ್ನೊಂದಕ್ಕೆ ಅಪ್‌ಗ್ರೇಡ್ ಶುರುಮಾಡಿದೆ.
ಅರವತ್ತೊಂದನೆಯ ಪ್ಯಾಕೇಜಿಗೆ ನಿಂತಿತು.

ಪ್ರಿಂಟರಿನದು ಫಾಂಟಿನ ಟ್ರಿಗರ್ ಮುಗಿಯಲೆಂದು ಕಾಯುತ್ತದೆ,
ಟ್ರಿಗರ್ ಓಡಬೇಕಾದರೆ ಪ್ರಿಂಟರಿನದು ಮೊದಲು ಸಿದ್ಧವಾಗಬೇಕಂತೆ.
ಹುಚ್ಚು ಬಿಡದೆ ಮದುವೆಯಿಲ್ಲ,
ಮದುವೆಯಾಗದೆ ಹುಚ್ಚು ಬಿಡದು.
ಪರದೆ ಅದನ್ನೇ ಇಂಗ್ಲಿಷಿನಲ್ಲಿ, ಕೆಂಪಗೆ ಹೇಳಿತು.

ಮತ್ತೆ ಓಡಿಸಿದೆ. ಮತ್ತೆ ಅದೇ.
ಬಲವಂತದ ಆಯ್ಕೆಯೊಂದಿದೆ; ಬೆರಳು ಅಲ್ಲಿಗೆ ಹೋಗಿ ಬಂತು.

ಹೊರಗೆ ಕಾವಲಿನ ಹಂಸ ಬೀಡಿ ಆರಿಸಿದ:
"ಗೇಟಿನಾಚೆ ಆನೆ ನಿಂತಿದೆ, ದೀಪ ಹಾಕಬೇಡಿ ಮೇಡಂ.
ಅದಕ್ಕೇನೂ ಅವಸರವಿಲ್ಲ."
ನನಗೂ ಮನೆಗೆ ದಾರಿಯಿಲ್ಲ ಈಗ.
ಲಾಗ್ ಓದಿದೆ, ಕೆಳಗಿನಿಂದ ಮೇಲಕ್ಕೆ.

ಸಿಕ್ಕಿತು: ಯಾವ ಭಂಡಾರದಲ್ಲೂ ಇಲ್ಲದ ಹಳೆಯ ಪ್ಯಾಕೇಜೊಂದು,
ಕಟ್ಟಿದವರು ಮೇದಪ್ಪ,
ನನಗಿಂತ ಮೊದಲು ಈ ಕುರ್ಚಿಯಲ್ಲಿದ್ದವರು.
ಯಾಕೆ ಕಟ್ಟಿದರೋ, ಒಂದಕ್ಷರವಿಲ್ಲ.

ತೆಗೆದೆ. ಉಳಿದದ್ದೆಲ್ಲ ಗೋಣಿಯ ಬಾಯಿ ಬಿಚ್ಚಿದ ಹಾಗೆ
ಸರಸರ ಇಳಿದು ಕೂತಿತು.
ಎರಡೂವರೆ. ಗೆದ್ದೆನೆಂದುಕೊಂಡು
ಒಂದು ಚೀಟಿ ಪ್ರಿಂಟ್ ಕೊಟ್ಟರೆ
ಬೊಳ್ಳೆಯ ಹೆಸರಲ್ಲಿ ಒತ್ತು ಕಳಚಿ ಪಕ್ಕಕ್ಕೆ ಬಿದ್ದಿತ್ತು,
ಅದರ ಕೆಳಗಿನ ಹೆಸರುಗಳು ಬರೀ ಚೌಕ, ಚೌಕ.
ಕೆಜಿ ಮಾತ್ರ ಸರಿಯಾಗಿತ್ತು.

ಮೇದಪ್ಪನವರೇ, ಎರಡು ಸಾಲು ಬರೆದಿಡಬಾರದಿತ್ತೆ?

ಅವರ ಗಂಟನ್ನು ಮತ್ತೆ ಹಾಕಿದೆ, ಒಂದು ಸುತ್ತು ಕಡಿಮೆ,
ಕಾರಣ ಬರೆದು, ತಾರೀಕು ಹಾಕಿ.
ಆನೆ ಯಾವಾಗ ಹೋಯಿತೋ ಗೊತ್ತಾಗಲಿಲ್ಲ.

ಸಂಜೆ ತೂಕಕ್ಕೆ ಬಂದ ಬೊಳ್ಳೆ
ಚೀಟಿ ತೆಗೆದುಕೊಂಡು
ನೋಡದೆಯೇ ಸೊಂಟಕ್ಕೆ ಸಿಕ್ಕಿಸಿದಳು.