ಜೂನ್ ಒಂದು

ನಾನು ಹುಟ್ಟಿದ್ದು ಆಲೂಗಡ್ಡೆ ಕೀಳುವ ಹೊತ್ತಿಗೆ,
ಗೌರಿಹಬ್ಬ ಕಳೆದು ಎಂಟನೇ ದಿನ.
ಅವ್ವನಿಗೆ ಗಳಿಗೆ ಕೂಡ ನೆನಪಿದೆ:
ಮಂಡಿಗೆ ಹೊರಟ ಲಾರಿ ಕೆರೆ ಏರಿ ಮೇಲೆ ಹಾರನ್ ಹೊಡೆದಿತ್ತಂತೆ.
ಆದರೆ ಶಾಂತಿಗ್ರಾಮದ ಶಾಲೆಯಲ್ಲಿ ತಮ್ಮೇಗೌಡ ಮೇಷ್ಟ್ರು
ನನ್ನ ಬಲಗೈಯನ್ನು ನೆತ್ತಿ ದಾಟಿಸಿ
ಎಡಗಿವಿಗೆ ಮುಟ್ಟಿಸಿ ನೋಡಿ
"ಮುಟ್ತದೆ ಬಿಡಮ್ಮ" ಅಂದು ಬರೆದುಕೊಂಡರು, ಜೂನ್ ಒಂದು.
ಮೂರು ತಿಂಗಳು ಮುಂಚೆಯೇ ಹುಟ್ಟಿಬಿಟ್ಟೆ.
ಒಂದನೇ ಕ್ಲಾಸಿನಲ್ಲಿ ಇಪ್ಪತ್ತಾರು ಮಂದಿ
ಒಂದೇ ದಿನ ಹುಟ್ಟಿದವರು.

ಈಗ ಆ ದೇಶದವರ ಲೆಕ್ಕ:
ಮೂವತ್ತೆರಡಾಗಿದ್ದರೆ ವಯಸ್ಸಿಗೆ ಮೂವತ್ತು ಅಂಕ,
ಮೂವತ್ಮೂರು ತುಂಬಿದ ಬೆಳಿಗ್ಗೆ ಇಪ್ಪತ್ತೈದು.
ಮಲಗಿ ಎದ್ದರೆ ಐದು ಅಂಕದಷ್ಟು ಮುದುಕ.

ಬಿತ್ತನೆ ಗಡ್ಡೆಯ ಕೋಲ್ಡ್ ಸ್ಟೋರೇಜುಗಳಲ್ಲಿ
ಕಂಪ್ರೆಸರ್ ನೋಡುವವನು ನಾನು, ಹನ್ನೊಂದು ವರ್ಷದಿಂದ.
ಸ್ಕ್ರೂಡ್ರೈವರಿನ ತುದಿ ಮಶೀನಿಗೆ, ಹಿಡಿ ಕಿವಿಗೆ;
ಯಾವ ಬೇರಿಂಗು ನರಳುತ್ತಿದೆ ಎಂದು ಹೇಳಬಲ್ಲೆ.
ಅದಕ್ಕೆ ಅಂಕವಿಲ್ಲ.
ಹಾಗಂತ ಕಾಗದದಲ್ಲಿ ಯಾರಾದರೂ ಬರೆದುಕೊಟ್ಟರೆ ಉಂಟು.

ಗಫಾರ್ ಸಾಹೇಬರು ಜನ್ಮದಲ್ಲಿ ಕಾಗದ ಬರೆದವರಲ್ಲ.
ಸಂಬಳ ಕೈಗೆ, ಬೈಗುಳ ಕಿವಿಗೆ.
ಬ್ಯಾಂಕಿಗೆ ಬೀಳದ ಮೊದಲ ಮೂರು ವರ್ಷ
ನಾನು ಕೆಲಸವನ್ನೇ ಮಾಡಿಲ್ಲವೆಂದು ತೀರ್ಮಾನವಾಯಿತು.
(ಅಮೋನಿಯಾ ಸೋರಿ ಕಣ್ಣು ಸುಟ್ಟುಕೊಂಡದ್ದು
ಆ ಮೂರು ವರ್ಷದಲ್ಲೇ.)
"ಲೆಟರ್‌ಹೆಡ್ಡಲ್ಲಿ ಬೇಕು ಸಾಹೇಬ್ರೆ,
ಏನೇನ್ ಮಾಡ್ದೆ ಅಂತ ಒಂದೊಂದಾಗಿ."
ಬಸ್‌ಸ್ಟ್ಯಾಂಡ್ ಹಿಂದಿನ ಪ್ರೆಸ್ಸಿನವನು
ನೂರಕ್ಕೆ ಕಡಿಮೆ ಹೊಡೆಯುವುದಿಲ್ಲ ಎಂದ.
ನನ್ನ ಒಂದು ಹಾಳೆಗೆ ಸಹಿ ಹಾಕಿ
ಉಳಿದ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದರು:
"ಇನ್ನು ತೊಂಬತ್ತೊಂಬತ್ತು ಜನಾನ ಎಲ್ಲಿಂದ ತರ್ಲಿ,
ಕಳಿಸಿಕೊಡೋಕೆ?"

ಇಂಗ್ಲಿಷ್ ಪರೀಕ್ಷೆ ಮೈಸೂರಿನಲ್ಲಿ.
ನಿಮಗೆ ನೆಮ್ಮದಿ ಕೊಡುವ ಜಾಗ ಯಾವುದು, ಎರಡು ನಿಮಿಷ ಮಾತಾಡಿ.
ಎರಡು ಡಿಗ್ರಿಯ ಕೋಣೆ ಎಂದೆ.
ಮೂಟೆಗಳ ನಡುವೆ ನಿಂತರೆ
ಗಡ್ಡೆಗಳು ಉಸಿರಾಡುವುದು ಗೊತ್ತಾಗುತ್ತದೆ ಎಂದೆ.
ಆಕೆ ಗಡಿಯಾರ ನೋಡುವುದನ್ನು ಮರೆತಳು.
ಮಾತಿಗೆ ಏಳೂವರೆ. ಬರವಣಿಗೆಗೆ ಆರೂವರೆ, ಆರೂವರೆ,
ಮೂರನೇ ಸಲ ಏಳು.
ಒಂದೊಂದು ಸಲಕ್ಕೂ ಒಂದೊಂದು ತಿಂಗಳ ಬಾಡಿಗೆ.

ಕಾರ್ತೀಕಕ್ಕೆ ಮುಂಚೆ ಹಾಸನಾಂಬೆಯ ಸಾಲಿನಲ್ಲಿ ನಿಂತಿದ್ದೆವು, ಐದು ಗಂಟೆ.
ವರ್ಷಕ್ಕೊಮ್ಮೆ ತೆರೆಯುವ ಬಾಗಿಲು;
ಹೋದ ವರ್ಷದ ದೀಪ ಆರಿರುವುದಿಲ್ಲ,
ನೈವೇದ್ಯ ಹಳಸಿರುವುದಿಲ್ಲ ಅಂತಾರೆ.
"ಒಳಗೆ ಎಷ್ಟು ಡಿಗ್ರಿ ಇರಬಹುದು?" ಅಂದೆ.
ತೇಜಾವತಿ ಮೊಣಕೈಯಲ್ಲಿ ತಿವಿದಳು.
ಆಮೇಲೆ, ಸಾಲು ಒಂದಡಿ ಜರುಗಿದಾಗ,
"ನಾನೂ ಆ ಪರೀಕ್ಷೆ ಬರೆದ್ರೆ ಐದು ಸಿಗ್ತದಂತೆ" ಅಂದಳು.

ಲ್ಯಾಬಿನಲ್ಲಿ ರಕ್ತದ ಸೀಸೆಗಳಿಗೆ ಹೆಸರು ಅಂಟಿಸುತ್ತ ಓದಿದಳು,
ಕುಕ್ಕರ್ ಕೂಗುವವರೆಗೆ ಓದಿದಳು.
ಮೊದಲ ಸಲಕ್ಕೇ ನನಗಿಂತ ಹೆಚ್ಚು ತೆಗೆದಳು,
ಎರಡು ದಿನ ಅದನ್ನು ಹೇಳಲಿಲ್ಲ.
ಎಪ್ಪತ್ತಿದ್ದದ್ದು ಎಪ್ಪತ್ತೈದಾಯಿತು.
ಅಂದು ಮೇ ಇಪ್ಪತ್ತೆರಡು.
ಇನ್ನೊಂದು ಒಂಬತ್ತು ದಿನ
ನಾನು ಎಪ್ಪತ್ತೈದರ ಮನುಷ್ಯ.

ಮೇಷ್ಟ್ರನ್ನು ಹುಡುಕಿಕೊಂಡು ಹೋದೆ, ಯಾಕೆಂದು ತಿಳಿಯದೆ.
ತಿದ್ದಿಸಲು ಕೋರ್ಟಿಗೆ ಹೋದರೆ ಮೂವತ್ತೈದಾಗುತ್ತದೆ.
ಹಲ್ಲಿಲ್ಲದ ಬಾಯಿಗೆ ಬನ್ನು ಅದ್ದಿಕೊಂಡು ಕೇಳಿದರು, ಕೊನೆತನಕ.
"ಮೂರು ತಿಂಗಳು ಸುಳ್ಳು ಬರ್ದೆ, ಹೌದು.
ಮುಂದಿನ ವರ್ಷ ಬಾ ಅಂದಿದ್ರೆ
ನಿಮ್ಮವ್ವ ನಿನ್ನ ಗಡ್ಡೆ ಆರಿಸೋಕೆ ಕರ್ಕೊಂಡೋಗ್ತಿದ್ಲು.
ಆ ವರ್ಷ ಹಂಗೆ ಹೋದ ಮೂರು ಜನ
ತಿರುಗಿ ಬರ್ಲೇ ಇಲ್ಲ ಕಣಯ್ಯ."
ಎರಡನೇ ಬನ್ನು ನನ್ನ ಕಡೆ ತಳ್ಳಿದರು.

ಮೇ ಮೂವತ್ತೊಂದು, ರಾತ್ರಿ ಹನ್ನೊಂದು ಮುಕ್ಕಾಲು.
ಫೋನು ಮಂಚದ ಮೇಲೆ ಮಗುಚಿ ಮಲಗಿದೆ.
ಕತ್ತಲಲ್ಲಿ ಬಲಗೈ ಎತ್ತಿ, ನೆತ್ತಿ ದಾಟಿಸಿ
ಎಡಗಿವಿ ಹಿಡಿದೆ.
"ಏನ್ರೀ ಅದು?" ಅಂದಳು.
"ಮುಟ್ತದೆ," ಅಂದೆ.